ಜೀಪಿಗೆ ದೊಡ್ಡ ಟೈರು: ಅಂಗಡಿಯ ಬಿಲ್ಲಿನಾಚೆಗಿನ ಲೆಕ್ಕ

ಶಿವಮೊಗ್ಗ ಜಿಲ್ಲೆಯ ವ್ಯಾಪಾರ ವಹಿವಾಟಿನಲ್ಲಿ ಜೀಪು ಕೇವಲ ಶೋಕಿಯ ವಾಹನವಾಗಿ ಉಳಿದದ್ದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳ ತೋಟಗಳಿಂದ ಅಡಿಕೆ ಚೀಲಗಳನ್ನು ಡಾಂಬರು ರಸ್ತೆಗೆ ತಲುಪಿಸುವುದು, ಗೊಬ್ಬರ ಹಾಗೂ ಪಂಪ್‌ಸೆಟ್ಟುಗಳನ್ನು ತೋಟಕ್ಕೆ ಒಯ್ಯುವುದು, ಕೊಡಚಾದ್ರಿಯ 1,343 ಮೀಟರ್ ಎತ್ತರದ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವುದು, ಇವೆಲ್ಲ ಜೀಪಿನಿಂದಲೇ ನಡೆಯುತ್ತ ಬಂದಿರುವ ಕೆಲಸಗಳು. ಆ ಜೀಪುಗಳ ದುರಸ್ತಿಗೆಂದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೂ ಭದ್ರಾವತಿಯ ಲೇತ್ ಅಂಗಡಿಗಳಿಗೂ ಬರುವ ಮಾಲೀಕರ ಬೇಡಿಕೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸದು ಸೇರಿದೆ: ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು ಹಾಕಿಕೊಡಬೇಕು, ಖರ್ಚು ಮಾತ್ರ ಕಡಿಮೆಯಾಗಬೇಕು.

2010ರಲ್ಲಿ ಮಹೀಂದ್ರಾ ಥಾರ್ ಮಾರುಕಟ್ಟೆಗೆ ಬಂದ ಮೇಲೆ, ಮುಖ್ಯವಾಗಿ 2020ರ ಹೊಸ ಥಾರ್ ಬಂದ ನಂತರ, ಈ ಬೇಡಿಕೆ ತೋಟದ ಮಾಲೀಕರಿಂದ ನಗರದ ಯುವ ವ್ಯಾಪಾರಿಗಳವರೆಗೆ ಹಬ್ಬಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದೊಡ್ಡ ಟೈರಿನ ವೆಚ್ಚವು ಟೈರಿನಂಗಡಿಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಅದರ ದೊಡ್ಡ ಪಾಲು ಬೇರೆ ಅಂಗಡಿಗಳಲ್ಲಿ, ಬೇರೆ ತಿಂಗಳುಗಳಲ್ಲಿ, ಕೆಲವೊಮ್ಮೆ ವಿಮಾ ಕಂಪನಿಯ ಸರ್ವೇಯರನ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹಣ ಹಾಕುವ ಮಾಲೀಕನೂ ಕೆಲಸ ಮಾಡಿಕೊಡುವ ವರ್ಕ್‌ಶಾಪಿನವನೂ ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಟೈರಿನ ಮೇಲಿನ ಅಂಕಿಗಳು

ಟೈರಿನ ಪಕ್ಕದಲ್ಲಿ 215/75 ಆರ್ 15 ಎಂದು ಅಚ್ಚೊತ್ತಿದ್ದರೆ 215 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 75 ಎಂದರೆ ಪಕ್ಕದ ಗೋಡೆಯ ಎತ್ತರವು ಆ ಅಗಲದ ಶೇಕಡಾ 75ರಷ್ಟಿದೆ ಎಂದರ್ಥ. 15 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಡಿಸ್ಕಿನ ಸೈಜು. ಗೋಡೆಯ ಎತ್ತರ 161.25 ಮಿಲಿಮೀಟರ್, ಮೇಲೂ ಕೆಳಗೂ ಸೇರಿ 322.5, ರಿಮ್ಮಿನ 381 ಕೂಡಿಸಿದರೆ ಟೈರಿನ ಒಟ್ಟು ಎತ್ತರ 703.5 ಮಿಲಿಮೀಟರ್. ಇದೇ ರಿಮ್ಮಿಗೆ 235/75 ಆರ್ 15 ಹಾಕಿದರೆ ಎತ್ತರ 733.5 ಆಗುತ್ತದೆ. ಹೆಚ್ಚಿದ್ದು 30 ಮಿಲಿಮೀಟರ್, ಶೇಕಡಾ 4.3. ಹವ್ಯಾಸಿಗಳು ಬಯಸುವ 31 ಇಂಚಿನ ಟೈರು, ಅಂದರೆ 31x10.5 ಆರ್ 15, ಸುಮಾರು 787 ಮಿಲಿಮೀಟರ್ ಎತ್ತರವಿದ್ದು ಮೂಲಕ್ಕಿಂತ ಶೇಕಡಾ 11.9ರಷ್ಟು ದೊಡ್ಡದು.

ಟೈರು 30 ಮಿಲಿಮೀಟರ್ ಎತ್ತರವಾದರೆ ವಾಹನ ಮೇಲೇರುವುದು ಅದರ ಅರ್ಧ, ಅಂದರೆ 15 ಮಿಲಿಮೀಟರ್ ಮಾತ್ರ. 31 ಇಂಚಿನ ಟೈರಿನಿಂದಲೂ ದೊರೆಯುವುದು 42 ಮಿಲಿಮೀಟರ್. ಇಷ್ಟಕ್ಕೇ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಜೀಪಿನ ಕೆಳಗೆ ಅತ್ಯಂತ ತಗ್ಗಿನಲ್ಲಿ ತೂಗುವುದು ಡಿಫರೆನ್ಷಿಯಲ್ಲಿನ ಹೌಸಿಂಗ್. ಅಚ್ಚು ಗಟ್ಟಿಯಾಗಿ ಒಂದೇ ತುಂಡಿನಲ್ಲಿರುವ ಹಳೆಯ ಜೀಪುಗಳಲ್ಲಿ ಕಮಾನುಪಟ್ಟಿಗೆ ಹೆಚ್ಚುವರಿ ಪ್ಲೇಟು ಸೇರಿಸಿದರೆ ಬಾಡಿ ಮೇಲೇರುತ್ತದೆಯೇ ಹೊರತು ಈ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವ ಸುಲಭೋಪಾಯ ಟೈರು ಒಂದೇ. ಆದ್ದರಿಂದ ತೋಟದ ದಾರಿಯ ಕಲ್ಲಿಗೆ ಹೌಸಿಂಗ್ ತಾಗುತ್ತಿರುವ ಮಾಲೀಕನಿಗೆ ಟೈರಿನ ಬೇಡಿಕೆ ನ್ಯಾಯವಾದದ್ದೇ. ಬಾಡಿಯನ್ನು ನಾಲ್ಕಿಂಚು ಎತ್ತಿಸಿ ಟೈರು ಹಳೆಯದೇ ಉಳಿಸಿಕೊಂಡವನು ಮಾತ್ರ ಹಣ ಕೊಟ್ಟು ನೋಟವನ್ನಷ್ಟೇ ಕೊಂಡಿದ್ದಾನೆ.

ಅಗಲದ ವಿಚಾರದಲ್ಲಿ ಮಲೆನಾಡಿನ ಅನುಭವ ಚಿತ್ರಪತ್ರಿಕೆಗಳ ಜಾಹೀರಾತಿಗೆ ವಿರುದ್ಧವಾಗಿದೆ. ಮರಳಿನ ಮೇಲೆ, ತಳವಿಲ್ಲದ ಕೆಸರುಗದ್ದೆಯಲ್ಲಿ ಅಗಲ ಟೈರು ತೇಲಿಕೊಂಡು ಸಾಗುತ್ತದೆ. ನಮ್ಮ ಜಿಲ್ಲೆಯ ತೋಟದ ದಾರಿಗಳ ಸ್ಥಿತಿ ಬೇರೆ. ಮೇಲೆ ಮಳೆಗಾಲದ ಜಾರುಮಣ್ಣು, ಒಂದೆರಡು ಗೇಣಿನ ಕೆಳಗೆ ಜಂಬಿಟ್ಟಿಗೆಯ ಗಟ್ಟಿ ನೆಲ. ಇಲ್ಲಿ ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಗಟ್ಟಿ ನೆಲವನ್ನು ಹಿಡಿಯುತ್ತದೆ. ಆರಿಂಚು ಅಗಲದ 6.00-16 ಟೈರಿನ ಹಳೆಯ ಜೀಪುಗಳು ಆಷಾಢದ ಮಳೆಯಲ್ಲೂ ಘಟ್ಟದ ಊರುಗಳನ್ನು ತಲುಪುತ್ತಿದ್ದುದರ ಗುಟ್ಟು ಇದೇ. ಹಿಡಿತ ಸಾಲದೆ ಬಂದಾಗ ಚಾಲಕರು ಚಕ್ರಕ್ಕೆ ಸರಪಳಿ ಬಿಗಿಯುತ್ತಿದ್ದರು. ಎತ್ತರ ಹೆಚ್ಚಿರಲಿ, ಅಗಲ ಮಿತಿಯಲ್ಲಿರಲಿ ಎಂಬುದು ಇಲ್ಲಿಯ ನೆಲಕ್ಕೂ ಜೇಬಿಗೂ ಒಪ್ಪುವ ಸೂತ್ರ. ಅಗಲ ಮಿತಿಯಲ್ಲಿದ್ದರೆ ಹಳೆಯ ರಿಮ್ಮೇ ಸಾಕಾಗುತ್ತದೆ ಎಂಬುದು ಜೇಬಿನ ಮಟ್ಟಿಗೆ ದೊಡ್ಡ ಮಾತು. 235/75 ಆರ್ 15 ಟೈರನ್ನು ಆರಿಂಚು ಅಗಲದ ರಿಮ್ಮಿಗೆ ಹಾಕಬಹುದು. 31x10.5 ಟೈರಿಗೆ ಕನಿಷ್ಠ ಏಳಿಂಚಿನ ರಿಮ್ ಬೇಕು.

ಎರಡು ಅಂದಾಜುಪಟ್ಟಿ

ಶಿವಮೊಗ್ಗದ ಒಬ್ಬ ಅಡಿಕೆ ವ್ಯಾಪಾರಿಯ ಬಳಿ 215/75 ಆರ್ 15 ಟೈರಿನ ವಾಹನವಿದೆ, ಅದು ವರ್ಷಕ್ಕೆ 12,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಬೆಲೆಪಟ್ಟಿಯಲ್ಲ. ಪ್ರತಿಯೊಬ್ಬರೂ ತಮ್ಮ ಕೊಟೇಶನ್ನಿನ ಅಂಕಿಗಳನ್ನು ಅಲ್ಲಿ ಕೂರಿಸಿಕೊಳ್ಳಬೇಕು.

ಮೊದಲ ಅಂದಾಜು ಒಂದೇ ಸೈಜು ಮೇಲೇರುವುದು. ಸ್ಟೆಪ್ನಿ ಸೇರಿ ಐದು ಟೈರು, ತಲಾ 8,000 ರೂ.ಗಳಂತೆ 40,000 ರೂ. ಜೋಡಣೆ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟಿಗೆ 3,000 ರೂ. ಹಳೆಯ ಐದು ಟೈರು ಮಾರಿ ಬಂದದ್ದು 10,000 ರೂ. ನಿವ್ವಳ ವೆಚ್ಚ 33,000 ರೂ.

ಎರಡನೆಯದು 31 ಇಂಚಿನದು. ಐದು ಟೈರು, ತಲಾ 15,000ದಂತೆ 75,000 ರೂ. ಅಗಲವಾದ ಐದು ರಿಮ್ಮಿಗೆ 25,000. ಬಾಡಿ ಎತ್ತಿಸುವ ಸಾಮಾನು ಮತ್ತು ಕೂಲಿ 30,000. ಮಡ್‌ಗಾರ್ಡ್ ಕತ್ತರಿಸಿ ಬಣ್ಣ ಹೊಡೆಸಲು 8,000. ಸ್ಟಿಯರಿಂಗ್ ಭಾಗಗಳು ಮತ್ತು ಅಲೈನ್‌ಮೆಂಟಿಗೆ 7,000. ಒಟ್ಟು 1,45,000 ರೂ. ಹಳೆಯ ಟೈರು ರಿಮ್ಮುಗಳಿಂದ 15,000 ಬಂದರೆ ನಿವ್ವಳ 1,30,000 ರೂ.

ಎರಡರ ನಡುವಿನ ಅಂತರ 97,000 ರೂ. ಇದರಲ್ಲಿ ಟೈರಿನ ಬೆಲೆಯ ವ್ಯತ್ಯಾಸ ಕೇವಲ 35,000 ರೂ. ಎಂಬುದನ್ನು ಗಮನಿಸಬೇಕು. ಉಳಿದ 62,000 ರೂ. ಟೈರಿನಂಗಡಿಯವನಿಗೆ ಸಂಬಂಧವೇ ಇಲ್ಲದ ಬಾಬತ್ತು. ಇಷ್ಟು ಕೊಟ್ಟು ಕೊಂಡ ಹೆಚ್ಚುವರಿ ಎತ್ತರ 27 ಮಿಲಿಮೀಟರ್.

ವೆಚ್ಚ ಅಲ್ಲಿಗೂ ನಿಲ್ಲುವುದಿಲ್ಲ. ಕೆಸರಿಗೆಂದೇ ಮಾಡಿದ ದಪ್ಪ ಗುಬ್ಬಿಯ ಟೈರು, ಅಂಗಡಿಯ ಭಾಷೆಯಲ್ಲಿ ಎಂಟಿ, ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಅದು 30,000 ಕಿ.ಮೀ. ಬಾಳಿ, ಎಲ್ಲ ರಸ್ತೆಗೂ ಸಲ್ಲುವ ಎಟಿ ಟೈರು 45,000 ಕಿ.ಮೀ. ಬಾಳಿದರೆ ಟೈರಿನ ವೆಚ್ಚವೊಂದೇ ಕಿ.ಮೀ.ಗೆ ಕ್ರಮವಾಗಿ 2.50 ರೂ. ಮತ್ತು 89 ಪೈಸೆ ಆಗುತ್ತದೆ. ವಾರಕ್ಕೊಮ್ಮೆ ತೋಟಕ್ಕೆ ಹೋಗಿ ಉಳಿದ ಆರು ದಿನ ದುರ್ಗಿಗುಡಿ, ಗಾಂಧಿ ಬಜಾರಿನಲ್ಲಿ ಓಡಾಡುವ ವಾಹನಕ್ಕೆ ಎಂಟಿ ಟೈರು ಹಾಕಿಸುವುದು ಮದುವೆಗೆಂದು ಹೊಲಿಸಿದ ಜರತಾರಿ ಅಂಗಿಯನ್ನು ದಿನವೂ ಅಂಗಡಿಗೆ ತೊಟ್ಟುಕೊಂಡು ಹೋದಂತೆ.

ಮೀಟರು ಹೇಳುವ ಸುಳ್ಳು

ಸ್ಪೀಡೋಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲ. ಟೈರು ದೊಡ್ಡದಾದರೆ ಪ್ರತಿ ಸುತ್ತಿಗೂ ವಾಹನ ಹೆಚ್ಚು ದೂರ ಸಾಗುತ್ತದೆ. ಮೀಟರಿಗೆ ಅದು ತಿಳಿಯುವುದಿಲ್ಲ. ಮೊದಲು ಮೀಟರು ಸರಿಯಾಗಿತ್ತು ಎಂದುಕೊಂಡರೆ, ಮುಳ್ಳು 60 ತೋರಿಸುವಾಗ 235ರ ಟೈರಿನ ವಾಹನ 62.6 ಕಿ.ಮೀ. ವೇಗದಲ್ಲೂ 31 ಇಂಚಿನದು 67 ಕಿ.ಮೀ. ವೇಗದಲ್ಲೂ ಇರುತ್ತದೆ. 80 ತೋರಿಸುವಾಗ ಎರಡನೆಯದರ ನಿಜವಾದ ವೇಗ 89ನ್ನು ದಾಟಿರುತ್ತದೆ. ಶಿವಮೊಗ್ಗ–ಭದ್ರಾವತಿ ಹೆದ್ದಾರಿಯಲ್ಲಿ ವೇಗಮಿತಿಯ ದಂಡ ಕಟ್ಟಿದವನು ಮೀಟರನ್ನು ತೋರಿಸಿ ವಾದಿಸಿ ಪ್ರಯೋಜನವಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದದ್ದು ಇಂಧನದ ಲೆಕ್ಕ. 31 ಇಂಚಿನ ಟೈರು ಹಾಕಿದ ಮೇಲೆ ಮೀಟರಿನಲ್ಲಿ 10,000 ಕಿ.ಮೀ. ಏರಿದೆ, 1,000 ಲೀಟರ್ ಡೀಸೆಲ್ ಖರ್ಚಾಗಿದೆ ಎಂದುಕೊಳ್ಳೋಣ. ಮೊದಲು ಲೀಟರಿಗೆ 12 ಕೊಡುತ್ತಿದ್ದ ವಾಹನ ಈಗ 10ಕ್ಕೆ ಇಳಿಯಿತೆಂದು ಮಾಲೀಕ ಗ್ಯಾರೇಜಿನವನ ಮೇಲೆ ರೇಗುತ್ತಾನೆ. ನಿಜಕ್ಕೂ ಆ ವಾಹನ ಕ್ರಮಿಸಿದ್ದು 11,190 ಕಿ.ಮೀ.; ಕೊಟ್ಟದ್ದು ಲೀಟರಿಗೆ 11.2. ನಷ್ಟ ಇದೆ, ಆದರೆ ಕಂಡಷ್ಟಿಲ್ಲ. ವರ್ಷಕ್ಕೆ 12,000 ಕಿ.ಮೀ. ನಿಜವಾದ ಓಟಕ್ಕೆ ಹೆಚ್ಚುವರಿ ಡೀಸೆಲ್ ಸುಮಾರು 71 ಲೀಟರ್. ಲೀಟರಿಗೆ 90 ರೂ. ಹಿಡಿದರೆ 6,390 ರೂ. ಇದಕ್ಕಿಂತ ಕೆಟ್ಟದ್ದು, ಮೀಟರು ನೋಡಿ ಎಂಜಿನ್ ಆಯಿಲ್ ಬದಲಿಸುವವನು ಪ್ರತಿ ಸಲವೂ ಸಾವಿರಕ್ಕೂ ಹೆಚ್ಚು ಕಿ.ಮೀ. ತಡವಾಗಿ ಬದಲಿಸುತ್ತಿರುತ್ತಾನೆ. ಬಾಡಿಗೆಗೆ ಕಿ.ಮೀ. ಲೆಕ್ಕದಲ್ಲಿ ಓಡಿಸುವವನಿಗೆ ಮೀಟರು ತೋರಿಸುವುದೇ ಆದಾಯ. ಅವನು ಪ್ರತಿ ಸಾವಿರ ಕಿ.ಮೀ.ಗೆ ನೂರಕ್ಕೂ ಹೆಚ್ಚು ಕಿ.ಮೀ.ಯನ್ನು ಗಿರಾಕಿಗೆ ಉಚಿತವಾಗಿ ಕೊಡುತ್ತಿರುತ್ತಾನೆ. ಮೀಟರನ್ನು ಹೊಸ ಟೈರಿಗೆ ಹೊಂದಿಸಿಕೊಳ್ಳುವ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಸೇರಿಸದವರೇ ಹೆಚ್ಚು.

ಎಂಜಿನ್ನಿನ ಬಲವೂ ಅದೇ ಪ್ರಮಾಣದಲ್ಲಿ ಬಳಲುತ್ತದೆ. ಟೈರಿನ ಎತ್ತರ ಶೇಕಡಾ 11.9 ಹೆಚ್ಚಿದರೆ ಅದೇ ಗೇರಿನಲ್ಲಿ ನೆಲವನ್ನು ತಳ್ಳುವ ಶಕ್ತಿ ಶೇಕಡಾ 10ಕ್ಕೂ ಮಿಕ್ಕಿ ಕುಗ್ಗುತ್ತದೆ. ಬ್ರೇಕಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಹುಲಿಕಲ್ ಘಾಟಿಯನ್ನು ತುಂಬಿದ ಜೀಪಿನಲ್ಲಿ ಇಳಿಯುವವರು ಈ ಸಾಲನ್ನು ಎರಡು ಸಲ ಓದಬೇಕು. ಡ್ರಮ್ ಬ್ರೇಕಿನ ಹಳೆಯ ಜೀಪಿಗೆ ದೊಡ್ಡ ಟೈರು ಹಾಕುವ ಮುನ್ನ ಬ್ರೇಕ್ ಲೈನರ್, ವ್ಹೀಲ್ ಸಿಲಿಂಡರ್, ಕಿಂಗ್‌ಪಿನ್, ಬೇರಿಂಗುಗಳನ್ನು ಸರಿಪಡಿಸಿಕೊಳ್ಳದೆ ಮುಂದುವರಿಯಬಾರದು. ಬಜೆಟ್ಟು ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುವುದಾದರೆ ಅದು ಬ್ರೇಕಿಗೆ ಹೋಗತಕ್ಕದ್ದು.

ಹಣ ಉಳಿಸುವ ದಾರಿಗಳು: ಸಲ್ಲುವವು, ಸಲ್ಲದವು

ಸಾಮಾನ್ಯವಾಗಿ ಹೊಳೆಯುವ ಮೊದಲ ಉಪಾಯ ಎರಡೇ ಟೈರು ಕೊಳ್ಳುವುದು: ಹಿಂದಕ್ಕೆ ದೊಡ್ಡವು, ಮುಂದಕ್ಕೆ ಹಳೆಯವು. ಟ್ರ್ಯಾಕ್ಟರಿಗೆ ಸಲ್ಲುವ ಈ ಕ್ರಮ ಜೀಪಿಗೆ ಸಲ್ಲದು. ಟ್ರ್ಯಾಕ್ಟರಿನ ಗೇರುಗಳನ್ನು ಆ ವ್ಯತ್ಯಾಸಕ್ಕೆ ತಕ್ಕಂತೆಯೇ ರೂಪಿಸಿರುತ್ತಾರೆ. ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಾಗ ಮುಂದಿನ ಹಿಂದಿನ ಚಕ್ರಗಳು ಒಂದೇ ದೂರ ಸುತ್ತಬೇಕು. ಅಳತೆ ಬೇರೆಯಾದರೆ ಒಳಗಿನ ಗೇರುಗಳು ಒಂದನ್ನೊಂದು ತಿರುಚತೊಡಗುತ್ತವೆ. ಕೊನೆಗೆ ಮುರಿಯುವುದು ಟ್ರಾನ್ಸ್‌ಫರ್ ಕೇಸು ಅಥವಾ ಅಚ್ಚಿನ ಶಾಫ್ಟು. ಉಳಿಸಿದ ಎರಡು ಟೈರಿನ ಬೆಲೆ ಆ ರಿಪೇರಿಗೆ ಸಾಲುವುದಿಲ್ಲ. ಸ್ಟೆಪ್ನಿಯನ್ನು ಹಳೆಯ ಸೈಜಿನಲ್ಲೇ ಉಳಿಸಿಕೊಂಡವನಿಗೂ ಪಂಕ್ಚರಾದ ದಿನ ಇದೇ ಗತಿ.

ರೀಸೋಲ್ ಟೈರು ಇನ್ನೊಂದು ದಾರಿ. ಗಟ್ಟಿ ಕವಚದ ಟೈರಿಗೆ ಕೆಸರಿನ ಗುಬ್ಬಿಯ ಹೊಸ ರಬ್ಬರು ಹೊದಿಸುವ ಕೆಲಸ ಲಾರಿ, ಟ್ರೇಲರುಗಳ ನಂಬಿಕೆ ಗಳಿಸಿದೆ. ತೋಟದೊಳಗೆ ನಿಧಾನವಾಗಿ ಓಡುವ ಹಳೆಯ ಜೀಪಿನ ಹಿಂದಿನ ಚಕ್ರಗಳಿಗೆ ಅದು ಸಾಕಾಗಬಹುದು. ಹೆದ್ದಾರಿಯಲ್ಲಿ ಓಡುವ ವಾಹನದ ಮುಂದಿನ ಚಕ್ರಕ್ಕೆ ಬೇಡ. ಇಲ್ಲಿ ತೆರಿಗೆಯ ಬದಲಾವಣೆಯೊಂದನ್ನು ವರ್ತಕರು ಗಮನಿಸಬೇಕು. ರೀಸೋಲ್ ಮತ್ತು ಬಳಸಿದ ಟೈರುಗಳ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಸಲಾಯಿತು, ಹೊಸ ಟೈರುಗಳು 28ರಲ್ಲೇ ಉಳಿದವು. ಆ ಹತ್ತು ಅಂಶಗಳ ಅಂತರ ರೀಸೋಲ್ ಉದ್ಯಮಕ್ಕೆ ಆರು ವರ್ಷಕ್ಕೂ ಹೆಚ್ಚು ಕಾಲ ಆಸರೆಯಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ದರವೂ ಶೇಕಡಾ 18ಕ್ಕೆ ಇಳಿದು ಆ ಆಸರೆ ಹೋಯಿತು. ಕೊಳ್ಳುವವನಿಗೆ ಇದು ಲಾಭ. ಜಿಲ್ಲೆಯ ರೀಸೋಲ್ ಘಟಕಗಳು ಮಾತ್ರ ತಮ್ಮ ದರಪಟ್ಟಿಯನ್ನು ಹೊಸದಾಗಿ ಯೋಚಿಸಬೇಕಾಗಿದೆ.

ಮೂರನೆಯದು ಇತರರು ಬಿಚ್ಚಿಸಿದ ಟೈರು. ಹೊಸ ವಾಹನ ಕೊಂಡ ತಿಂಗಳಲ್ಲೇ ಕಂಪನಿಯ ಟೈರು ತೆಗೆಸಿ ದೊಡ್ಡದು ಹಾಕಿಸುವ ಮಾಲೀಕರಿದ್ದಾರೆ. ಅವರ ಹಳೆಯ ಟೈರು ಇನ್ನೊಬ್ಬನ ಹಳೆಯ ವಾಹನಕ್ಕೆ ದೊಡ್ಡ ಟೈರೇ ಆಗುತ್ತದೆ. 2010ರಿಂದ 2020ರವರೆಗಿನ ಥಾರಿನ ಸಿಆರ್‌ಡಿಇ ಮಾದರಿಗೆ ಬರುತ್ತಿದ್ದ 235/70 ಆರ್ 16 ಟೈರಿನ ಎತ್ತರ 735 ಮಿಲಿಮೀಟರ್, ಅಂದರೆ ಮೇಲೆ ಹೇಳಿದ ಮೊದಲ ಅಂದಾಜಿನ ಟೈರಿನಷ್ಟೇ. ಹದಿನಾರಿಂಚಿನ ತಕ್ಕ ರಿಮ್ ಇರುವವನಿಗೆ ಇದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ. ಕೊಳ್ಳುವ ಮುನ್ನ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯ ತಯಾರಿಕಾ ಮುದ್ರೆಯನ್ನು ಓದಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಗುಬ್ಬಿ ಎಷ್ಟೇ ಎತ್ತರವಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿದೆ. ಅದರ ಜೊತೆಗೇ ಭಾರದ ಸೂಚ್ಯಂಕವೂ ಇರುತ್ತದೆ: 100 ಎಂದರೆ ಒಂದು ಟೈರು ಹೊರಬಲ್ಲದ್ದು 800 ಕಿಲೋ, 105 ಎಂದರೆ 925 ಕಿಲೋ. ಮೂಲ ಟೈರಿನ ಸೂಚ್ಯಂಕಕ್ಕಿಂತ ಕೆಳಗಿನದನ್ನು ಯಾವ ಬೆಲೆಗೂ ಕೊಳ್ಳಬಾರದು.

ಟೈರೇ ಬದಲಿಸದ ಉಪಾಯವೂ ಒಂದಿದೆ. ಚಕ್ರದ ಮೇಲೆ 400 ಕಿಲೋ ಭಾರವಿದ್ದು ಗಾಳಿಯ ಒತ್ತಡ 30 ಪೌಂಡ್ ಇದ್ದರೆ ನೆಲಕ್ಕೆ ತಾಗುವ ಟೈರಿನ ಭಾಗ ಸುಮಾರು 29 ಚದರ ಇಂಚು. ಒತ್ತಡವನ್ನು 20ಕ್ಕೆ ಇಳಿಸಿದರೆ ಅದು 44ರ ಹತ್ತಿರ ಬರುತ್ತದೆ. ಕೆಸರಿನ ದಾರಿ ಆರಂಭವಾಗುವಲ್ಲಿ ಗಾಳಿ ಇಳಿಸಿ, ಡಾಂಬರು ಸಿಕ್ಕೊಡನೆ ಮತ್ತೆ ತುಂಬುವ ಅಭ್ಯಾಸಕ್ಕೆ ಬೇಕಾಗುವುದು ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಮತ್ತು ಹತ್ತು ನಿಮಿಷದ ತಾಳ್ಮೆ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಕೆಸರು ಕಾಣುವ ವಾಹನಕ್ಕೆ ಹಲವು ಸಲ ಇಷ್ಟೇ ಸಾಕು. ಗಾಳಿ ತುಂಬದೆ ಹೆದ್ದಾರಿಗಿಳಿದರೆ ಮಾತ್ರ ಟೈರು ಬಿಸಿಯಾಗಿ ಸಿಡಿಯಬಹುದು.

ಲೇತ್ ಅಂಗಡಿಯ ಹೊಣೆ

ಭದ್ರಾವತಿಯಲ್ಲಿ ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾಲದಿಂದ ಲೋಹದ ಕೆಲಸ ಊರಿನ ಕೈಗೆ ಹತ್ತಿದ ವಿದ್ಯೆ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು; ವಿಐಎಸ್‌ಎಲ್ ಮುಚ್ಚಲು 2023ರ ಜನವರಿಯಲ್ಲಿ ಸೈಲ್ ತೀರ್ಮಾನಿಸಿತು, ಅದೇ ವರ್ಷ ಅಲ್ಪ ಪ್ರಮಾಣದಲ್ಲಿ ಕೆಲಸ ಮತ್ತೆ ಆರಂಭವಾಯಿತು. ದೊಡ್ಡ ಕಾರ್ಖಾನೆಗಳ ಆರ್ಡರು ಬತ್ತಿದಾಗ ಸಣ್ಣ ವರ್ಕ್‌ಶಾಪುಗಳು ವಾಹನಗಳ ಬಿಡಿ ಕೆಲಸದತ್ತ ಹೊರಳುವುದು ಸಹಜ. ದೊಡ್ಡ ಟೈರಿನ ಗಿರಾಕಿ ಅಲ್ಲಿಗೂ ಬರುತ್ತಾನೆ. ಅವನು ಕೇಳುವುದು ಮುಖ್ಯವಾಗಿ ಎರಡನ್ನು: ಹಳೆಯ ರಿಮ್ಮನ್ನು ಸೀಳಿ, ನಡುವೆ ಪಟ್ಟಿ ಕೊಟ್ಟು ಬೆಸುಗೆ ಹಾಕಿ ಅಗಲಿಸುವುದು, ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬಿಲ್ಲೆ ಕಡೆದುಕೊಡುವುದು.

ಎರಡನ್ನೂ ಮಾಡಬಲ್ಲ ಕೈಗಳು ಊರಿನಲ್ಲಿವೆ. ಮಾಡಬೇಕೆ ಎಂಬುದು ಬೇರೆ ಪ್ರಶ್ನೆ. ರಿಮ್ಮಿನ ಬೆಸುಗೆ ಪ್ರತಿ ಸುತ್ತಿಗೂ ಬಾಗುತ್ತ ನಿಮಿರುತ್ತ ದಣಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಹೆದ್ದಾರಿಯ ವೇಗದಲ್ಲಿ ಒಡೆಯುತ್ತದೆ. ಸ್ಪೇಸರ್ ಹಾಕಿದಾಗ ಭಾರ ಬೇರಿಂಗಿನಿಂದ ಹೊರಗೆ ಬಿದ್ದು ಸ್ಟಡ್‌ಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಮಹೀಂದ್ರಾದ ಹಳೆಯ ಜೀಪುಗಳಿಗೂ ಮಾರುತಿ ಜಿಪ್ಸಿಗೂ ಐದು ಬೋಲ್ಟಿನ ವೃತ್ತದ ವ್ಯಾಸ 139.7 ಮಿಲಿಮೀಟರೇ ಆದ್ದರಿಂದ ಒಂದರ ರಿಮ್ ಇನ್ನೊಂದಕ್ಕೆ ಕೂರುತ್ತದೆಂಬ ನಂಬಿಕೆ ಇದೆ. ನಡುವಿನ ರಂಧ್ರ ಮತ್ತು ಆಫ್‌ಸೆಟ್ಟಿನ ಅಳತೆ ತೆಗೆಯದೆ ಆ ನಂಬಿಕೆಯ ಮೇಲೆ ಕೆಲಸ ಹಿಡಿಯುವಂತಿಲ್ಲ.

ಕಾನೂನು ಈಗ ತಯಾರಕನನ್ನೂ ಹುಡುಕಿಕೊಂಡು ಬರುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ವಸ್ತುವಿನಿಂದ ಆದ ಹಾನಿಗೆ ಉತ್ಪಾದಕ, ಮಾರಾಟಗಾರ, ಸೇವೆ ನೀಡಿದವ ಎಲ್ಲರ ಮೇಲೂ ಹೊಣೆ ಹೊರಿಸಲು ಅವಕಾಶ ಕೊಟ್ಟಿದೆ. ಮೋಟಾರು ವಾಹನ ಕಾಯಿದೆಯ 182ಎ ಕಲಮಿನ ಪ್ರಕಾರ, ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಕ್ಕೆ ಹೊಂದದಂತೆ ಮಾರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಬಿಡಿಭಾಗಕ್ಕೆ ಒಂದು ಲಕ್ಷ ರೂ. ದಂಡ, ಅಥವಾ ಎರಡೂ. ಕೂಲಿಯಾಗಿ ದೊರೆಯುವ ಕೆಲವು ಸಾವಿರಕ್ಕೆ ಈ ಹೊಣೆ ತಕ್ಕುದಲ್ಲ. ಹಳೆಯ ಜೀಪುಗಳಿಗೆ ಶ್ಯಾಕಲ್ ಪಿನ್ನು, ಬುಷ್ಷು, ಎಂಜಿನ್ನಿನ ತಳ ಕಾಯುವ ರಕ್ಷಾಫಲಕ, ತುಕ್ಕು ಹಿಡಿದ ಚಾಸಿಯ ದುರಸ್ತಿ, ಹೀಗೆ ಅಪಾಯ ಕಡಿಮೆ ಇರುವ ಕೆಲಸ ಧಾರಾಳವಾಗಿದೆ. ದೊಡ್ಡ ಟೈರು ಹಾಕಿಸಿದವನಿಗೆ ಅವೆಲ್ಲ ಬೇಗ ಬೇಕಾಗುತ್ತವೆ ಕೂಡ.

ಆರ್‌ಟಿಓ, ವಿಮೆ, ತೆರಿಗೆ

ಮಾಲೀಕನ ಕಡೆಯ ಕಾನೂನೂ ಸಡಿಲವಾಗಿಲ್ಲ. ವಾಹನದ ನೋಂದಣಿ ವಿವರಗಳು ತಯಾರಕ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಕೂಡದೆಂದು ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ಇದು ಕಾಗದದ ಮೇಲಿನ ಬೆದರಿಕೆಯಷ್ಟೇ ಅಲ್ಲ. 2022ರಲ್ಲಿ ಶ್ರೀನಗರದ ಸಂಚಾರ ನ್ಯಾಯಾಲಯವು ದೊಡ್ಡ ಟೈರು ಮುಂತಾದ ಮಾರ್ಪಾಡು ಮಾಡಿಸಿದ ಥಾರ್ ಮಾಲೀಕನೊಬ್ಬನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಆದ್ದರಿಂದ ಅದೇ ಮಾದರಿಯ ಯಾವುದಾದರೊಂದು ಆವೃತ್ತಿಗೆ ಕಂಪನಿಯೇ ಕೊಟ್ಟಿರುವ ಸೈಜಿನೊಳಗೆ ನಿಲ್ಲುವುದು ಅತ್ಯಂತ ಸುರಕ್ಷಿತ. ಹದಿನೈದು ವರ್ಷ ದಾಟಿದ ಜೀಪಿನ ನೋಂದಣಿ ನವೀಕರಣಕ್ಕೆ ಹೋಗುವವರಿಗೆ ಮಡ್‌ಗಾರ್ಡಿನಿಂದ ಹೊರಚಾಚಿದ ಟೈರು ಮೊದಲ ತಕರಾರಾಗುತ್ತದೆ.

ವಿಮೆಯ ವಿಚಾರದಲ್ಲಿ ಮೌನವೇ ದುಬಾರಿ. ಮಾರ್ಪಾಡನ್ನು ಲಿಖಿತವಾಗಿ ತಿಳಿಸಿ, ಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಪಾಲಿಸಿಯ ಮೇಲೆ ನಮೂದು ಮಾಡಿಸಿಕೊಳ್ಳಬೇಕು. ತಿಳಿಸದೆ ಇದ್ದು ಅಪಘಾತವಾದಾಗ ಸ್ವಂತ ಹಾನಿಯ ಕ್ಲೇಮು ಕಡಿತವಾಗಬಹುದು, ತಿರಸ್ಕೃತವೂ ಆಗಬಹುದು. ಎಂಟು ಲಕ್ಷದ ವಾಹನದ ಕ್ಲೇಮನ್ನು ಒಂದು ಪತ್ರದ ಸೋಮಾರಿತನಕ್ಕೆ ಒತ್ತೆಯಿಡುವುದು ವ್ಯಾಪಾರಿಯ ಬುದ್ಧಿಯಲ್ಲ.

ಲೆಕ್ಕಪತ್ರದಲ್ಲಿ ಸವೆದ ಟೈರಿನ ಬದಲಿಗೆ ಟೈರು ಹಾಕಿದ ವೆಚ್ಚವನ್ನು ಸಾಮಾನ್ಯವಾಗಿ ಆ ವರ್ಷದ ದುರಸ್ತಿ ಖರ್ಚಿಗೆ ಹಾಕಬಹುದು. ಹೊಸ ರಿಮ್, ಬಾಡಿ ಎತ್ತಿಸುವ ಕೆಲಸಗಳಿಂದ ವಾಹನದ ಸಾಮರ್ಥ್ಯವೇ ಬದಲಾದಾಗ ಅದು ಬಂಡವಾಳ ವೆಚ್ಚವೆಂಬ ಪ್ರಶ್ನೆ ಏಳುತ್ತದೆ. ಹಾಗೆ ಪರಿಗಣಿಸಿದರೆ ದೊರೆಯುವುದು ಸವಕಳಿ ಮಾತ್ರ. ಸ್ವಂತ ವ್ಯವಹಾರದ ವಾಹನಕ್ಕೆ ಬಹುಕಾಲದಿಂದ ಶೇಕಡಾ 15, ಬಾಡಿಗೆಗೆ ಓಡುವುದಕ್ಕೆ ಶೇಕಡಾ 30ರ ದರವಿದೆ. ಭಾನುವಾರದ ವಿಹಾರಕ್ಕೂ ಹೋಗುವ ವಾಹನವಾದರೆ ಸ್ವಂತ ಬಳಕೆಯ ಪಾಲನ್ನು ಬಿಡಬೇಕು. ತೋಟದ ಕೆಲಸದ ಪಾಲು ಕೃಷಿ ಆದಾಯದ ಖರ್ಚೇ ಹೊರತು ಮಂಡಿ ವ್ಯಾಪಾರದ್ದಲ್ಲ. ಜಿಎಸ್‌ಟಿಯಲ್ಲಿ ಚಾಲಕನೂ ಸೇರಿ ಹದಿಮೂರು ಆಸನದವರೆಗಿನ ಪ್ರಯಾಣಿಕ ವಾಹನ ಮತ್ತು ಅದರ ದುರಸ್ತಿ ಸೇವೆಯ ಮೇಲಿನ ಹೂಡುವಳಿ ತೆರಿಗೆ ಜಮೆಗೆ ತಡೆಯಿದೆ. ಸರಕು ಸಾಗಿಸುವ ಪಿಕಪ್ ವಾಹನಕ್ಕೆ ಆ ತಡೆಯಿಲ್ಲ. ಒಂದೇ ಅಂಗಡಿಯಲ್ಲಿ ಎರಡಕ್ಕೂ ಟೈರು ಕೊಳ್ಳುವವರು ವಾಹನದ ನೋಂದಣಿ ಸಂಖ್ಯೆ ಬರೆಸಿ ಪ್ರತ್ಯೇಕ ಬಿಲ್ಲು ಪಡೆಯಬೇಕು.

ಆ ಬಿಲ್ಲಿನಲ್ಲಿ ಟೈರಿನ ಸೈಜು, ಭಾರದ ಸೂಚ್ಯಂಕ ಮತ್ತು ಐದೂ ಟೈರುಗಳ ಕ್ರಮಸಂಖ್ಯೆ ಇರಲಿ. ತಯಾರಿಕಾ ದೋಷದ ದೂರಿಗೆ ಕಂಪನಿ ಕೇಳುವುದು ಇವನ್ನೇ. ಜೋಡಣೆಯಾದ ಕೂಡಲೇ ಅಂಗಡಿಯ ಮುಂದೆಯೇ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ಎತ್ತರದ ಕಟ್ಟೆಗೆ ಹತ್ತಿಸಿ, ಟೈರು ಮಡ್‌ಗಾರ್ಡಿಗಾಗಲಿ ಬ್ರೇಕಿನ ಹೋಸಿಗಾಗಲಿ ತಾಗುತ್ತಿದೆಯೇ ಎಂದು ನೋಡಿಸಿಕೊಳ್ಳಬೇಕು. ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಳ್ಳಲು ಹಿಂದಿರುಗಬೇಕು. ಆ ಕೆಲಸಕ್ಕೆ ಐದು ನಿಮಿಷ ಸಾಕು.